ಪಾಸ್ ಕೊಟ್ಟರೂ ಕುರ್ಚಿ ಖಾಲಿ

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರವೊಂದರ ಹವ್ಯಾಸಿ ನಾಟಕ ತಂಡ. ನೋಡಿದವರೆಲ್ಲ ಮೆಚ್ಚುತ್ತಾರೆ. ಆದರೆ 600 ಕುರ್ಚಿಯ ರಂಗಮಂದಿರಕ್ಕೆ 70 ಜನ ಬಂದರೆ ಹೆಚ್ಚು. ಉಚಿತ ಪಾಸ್ ಹಂಚಿದರೂ ಅಷ್ಟೇ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಮೊದಲು ಆ ಪಾಸ್ ನಿಲ್ಲಿಸಿ. ಪುಕ್ಕಟೆ ಪಾಸ್ ಜೇಬಿನಲ್ಲಿದ್ದವರಿಗೆ ಮಳೆಯೂ ನೆಪ, ಕ್ರಿಕೆಟ್ ಪಂದ್ಯವೂ ನೆಪ. 100 ರೂಪಾಯಿ ಕೊಟ್ಟವರು ಆ ನೂರಕ್ಕಾದರೂ ಬರುತ್ತಾರೆ. ವಿದ್ಯಾರ್ಥಿಗಳಿಗೆ 50 ಇಡಿ, ಸೊನ್ನೆ ಬೇಡ.

ಇನ್ನು ಕುರ್ಚಿ. 600ರಲ್ಲಿ 70 ಜನ ಚದುರಿ ಕೂತರೆ ನಗೆಯ ದೃಶ್ಯಕ್ಕೂ ನಗು ಏಳುವುದಿಲ್ಲ. ಪಕ್ಕ ಖಾಲಿಯಿದ್ದರೆ ಒಬ್ಬರೇ ನಗಲು ನಾಚಿಕೆ. ಅದೇ 70 ಜನರನ್ನು ಶಾಲೆಯ ಸಭಾಂಗಣದಲ್ಲಿ 80 ಕುರ್ಚಿ ಹಾಕಿ ಕೂರಿಸಿ, ನಟರಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಬಾಡಿಗೆಯಲ್ಲಿ ಉಳಿದ ಹಣಕ್ಕೆ ಒಂದು ಪ್ರಯೋಗದ ಬದಲು ಶುಕ್ರ, ಶನಿ, ಭಾನುವಾರ ಮೂರು ಮಾಡಿ. ಒಂದೇ ಸಂಜೆಯ ನಾಟಕವಾದರೆ 'ಚೆನ್ನಾಗಿದೆಯಂತೆ' ಎಂಬ ಮಾತು ಊರು ಸುತ್ತುವಷ್ಟರಲ್ಲಿ ನೀವು ಪರದೆ ಮಡಚಿ ಆಗಿರುತ್ತದೆ. ಕಂಪನಿ ನಾಟಕದವರು ಒಂದೂರಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕಿದ್ದು ಸುಮ್ಮನೆ ಅಲ್ಲ.

ನಿಮ್ಮ ಪೋಸ್ಟರ್ ಒಮ್ಮೆ ನೋಡಿಕೊಳ್ಳಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಫೋಟೊಗಳ ಕೆಳಗೆ ನಾಟಕದ ಹೆಸರು ಇರುವೆ ಸಾಲಿನಂತಿದ್ದರೆ ಅದು ಸಭೆಯ ಪೋಸ್ಟರ್. ನಾಟಕದ ಹೆಸರು, ವಾರ, ತಾರೀಕು, ಶುರುವಾಗುವ ಹೊತ್ತು, ದರ, ಇವು ಹತ್ತಡಿ ದೂರದಿಂದ ಓದಿಸಿಕೊಳ್ಳಬೇಕು. ಜೊತೆಗೆ ಮುಗಿಯುವ ಹೊತ್ತನ್ನೂ ಹಾಕಿ, ಇದನ್ನು ಬಹುತೇಕರು ಮರೆಯುತ್ತಾರೆ. ಆರೂವರೆಯ ನಾಟಕ ಭಾಷಣ, ಶಾಲು, ಹಾರ ಎಲ್ಲ ಮುಗಿದು ಏಳೂವರೆಗೆ ಶುರುವಾದರೆ, ಹಳ್ಳಿಯ ಕೊನೆ ಬಸ್ ಹಿಡಿಯುವವರು ಕ್ಲೈಮ್ಯಾಕ್ಸಿಗೆ ಮುಂಚೆಯೇ ಏಳುತ್ತಾರೆ. ಮುಂದಿನ ಸಲ ಬರುವುದೇ ಇಲ್ಲ. ಸನ್ಮಾನ ಬೇಕೇ ಬೇಕೆಂದರೆ ನಾಟಕ ಮುಗಿದ ಮೇಲೆ ಹತ್ತು ನಿಮಿಷ. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಆ ಬಿಗಿ ನಿಮಗೆ ಸಾಧ್ಯವಾಗದಿದ್ದರೂ ನಾಟಕ ಶುರುವಾಗುವ ಮೂರನೇ ಬೆಲ್ ಹೇಳಿದ ಹೊತ್ತಿಗೇ ಹೊಡೆಯಿರಿ.

ಟಿಕೆಟ್ ಮಾರುವುದು ಪೋಸ್ಟರ್ ಅಲ್ಲ, ಮನುಷ್ಯರು. 12 ಜನರ ತಂಡದಲ್ಲಿ ತಲೆಗೆ ಹತ್ತರಂತೆ ಮಾರಿದರೆ 120. ಮೂರು ವಾರ ಮುಂಚೆ ಟಿಕೆಟ್ ಪುಸ್ತಕ ಕೊಡಿ, ವಾರಕ್ಕೊಮ್ಮೆ ಲೆಕ್ಕ ಕೇಳಿ. ಕೊನೆ ದಿನ ಕೇಳಿದರೆ ಅರ್ಧ ಪುಸ್ತಕ ಹರಿಯದೆ ವಾಪಸ್ ಬರುತ್ತದೆ. 1985ರಲ್ಲಿ ಶುರುವಾದ, ಊರೂರು ಸುತ್ತಿ ನಾಟಕವಾಡುವ ನೀನಾಸಂ ತಿರುಗಾಟ ತಂಡ ಹೋದ ಊರುಗಳಲ್ಲಿ ಜನ ಸೇರಿಸುವ ಹೊಣೆ ಅಲ್ಲಿನ ಸಂಘಟಕರದ್ದು. ನಿಮ್ಮೂರ ಲಯನ್ಸ್ ಕ್ಲಬ್ಬಿಗೋ ಕಾಲೇಜಿನ ಕನ್ನಡ ಸಂಘಕ್ಕೋ ಒಂದು ಪ್ರಯೋಗವನ್ನು ಹಾಗೆ ಇಡಿಯಾಗಿ ವಹಿಸಿ ನೋಡಿ.

ಪ್ರಶ್ನೆ: ಆನ್‌ಲೈನ್ ಟಿಕೆಟ್ ಇಟ್ಟರೆ ಜನ ಬರುತ್ತಾರೆಯೇ?

ಉತ್ತರ: ಹುಡುಕಿಕೊಂಡು ಬರುವವರಿಗೆ ಅನುಕೂಲ, ಅಷ್ಟೇ. ಹೊಸಬರನ್ನು ಅದು ಕರೆತರುವುದಿಲ್ಲ. ಊರಿನ ಪುಸ್ತಕದಂಗಡಿ, ಹೋಟೆಲ್ ಗಲ್ಲಾದಲ್ಲಿ ಟಿಕೆಟ್ ಪುಸ್ತಕವನ್ನೂ ಯುಪಿಐ ಕೋಡನ್ನೂ ಇಡಿ. ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟು, ಒಪ್ಪಿದವರ ವಾಟ್ಸಾಪ್ ನಂಬರ್ ಬರೆಸಿಕೊಳ್ಳಿ. ಮುಂದಿನ ನಾಟಕಕ್ಕೆ ಒಂದೇ ಒಂದು ಮೆಸೇಜ್, ದಿನಕ್ಕೆ ಐದಲ್ಲ. ಬ್ಲಾಕ್ ಮಾಡಿಬಿಡುತ್ತಾರೆ.