ಪಲ್ಲವಿಯಿಂದಲೇ ಏಕೆ ಶುರು?

ಮೈಸೂರಿನ ಬ್ಯಾಂಕ್ ಉದ್ಯೋಗಿ, ವಯಸ್ಸು 43. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿದ್ರೆ ಬರುವುದಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದವರು ಮಾತು ಬೆಳೆದಂತೆ ವೀಣೆಯ ವಿಷಯಕ್ಕೆ ಬಂದರು. ಹುಡುಗಿಯಾಗಿದ್ದಾಗ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿ, ಮದುವೆಯ ನಂತರ ಬಿಟ್ಟು, ಈಗ ಮತ್ತೆ ಪಾಠಕ್ಕೆ ಸೇರಿದ್ದಾರೆ. ರಾತ್ರಿ ಅಡುಗೆಮನೆ ಒಪ್ಪ ಮಾಡಿದ ಮೇಲೆ ಸಿಗುವುದು ಇಪ್ಪತ್ತೇ ನಿಮಿಷ.

“ಗುರುಗಳ ಮುಖ ನೋಡಲು ನಾಚಿಕೆಯಾಗುತ್ತದೆ ಮೇಡಂ. ಪಕ್ಕದಲ್ಲಿ ಕೂರುವ ಹುಡುಗಿಗೆ ಹನ್ನೊಂದು ವರ್ಷ. ಅವಳು ನನ್ನನ್ನು ದಾಟಿ ಹೋದಳು.”

ಆ ಇಪ್ಪತ್ತು ನಿಮಿಷ ಹೇಗೆ ಕಳೆಯುತ್ತದೆ ಎಂದು ಬಿಡಿಬಿಡಿಯಾಗಿ ಹೇಳಿಸಿದೆ. ಗವಸು ತೆಗೆದು ಶ್ರುತಿ ಮಾಡುವುದು, ಸರಳೆ, ಜಂಟಿ, ಅಲಂಕಾರ ಎಂಬ ಆರಂಭದ ಪಾಠಗಳು ಒಂದು ಸುತ್ತು, ಆಮೇಲೆ ಮೋಹನ ರಾಗದ ವರ್ಣ ಎಂಬ ರಚನೆ. ತಪ್ಪಿದರೆ ಮತ್ತೆ ವರ್ಣದ ಮೊದಲ ಭಾಗವಾದ ಪಲ್ಲವಿಯಿಂದ. ಅವರು ಎಡವುತ್ತಿದ್ದದ್ದು ಮಾತ್ರ ವರ್ಣದ ಕೊನೆಗೆ ಬರುವ ಸ್ವರದ ಸಾಲಿನಲ್ಲಿ, ಅಂದರೆ ಕೊನೆಯ ಎತ್ತುಗಡೆ ಸ್ವರದಲ್ಲಿ; ಮೆಟ್ಟುಗಳು ಒತ್ತೊತ್ತಾಗಿರುವ ತಾರಸ್ಥಾಯಿಯಿಂದ (ಎತ್ತರದ ಸ್ವರಗಳ ಭಾಗ) ಎಡಗೈ ಧೈವತ ಸ್ವರಕ್ಕೆ ಇಳಿಯುವ ಜಾಗದಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಅತ್ತೆಯವರಿಗೆ ಮಾತ್ರೆ ಕೊಡುವ ಹೊತ್ತಾಗಿರುತ್ತಿತ್ತು. ಚೆನ್ನಾಗಿ ಬರುವ ಪಲ್ಲವಿಗೆ ದಿನವೂ ಅಭ್ಯಾಸ, ಬಾರದ ಸಾಲಿಗೆ ಎಂದೋ ಒಮ್ಮೆ! ಇದನ್ನು ಸೋಮಾರಿತನ ಎನ್ನಲು ನಾನು ಸಿದ್ಧಳಿಲ್ಲ. ಮುಂಜಾನೆ ಒಂದೆರಡು ಗಂಟೆ ಸಾಧನೆಗೆ ಸಿಗುತ್ತಿದ್ದ ಬಾಲ್ಯದಲ್ಲಿ ಇದೇ ಕ್ರಮ ಸರಿಯಾಗಿತ್ತು.

ಮೊದಲ ಸಲಹೆ: ತೊಡಕಿನ ಆ ಒಂದು ಆವರ್ತದಿಂದಲೇ (ತಾಳದ ಒಂದು ಸುತ್ತು) ಶುರು ಮಾಡಿ. ಅರ್ಧ ವೇಗದಲ್ಲಿ, ಸ್ವರವನ್ನು ಬಾಯಲ್ಲಿ ಹಾಡಿಕೊಂಡು, ತೋರುಬೆರಳು ಎಲ್ಲಿ ಬಿಡುತ್ತದೆ, ನಡುಬೆರಳು ಎಲ್ಲಿ ಹಿಡಿಯುತ್ತದೆ ಎಂದು ನೋಡುತ್ತಾ ನುಡಿಸಿ. ಐದಾರು ನಿಮಿಷ ಸಾಕು. ಬಳಿಕ ಬೇರೊಂದು ಸಾಲು, ಮತ್ತೆ ಇದಕ್ಕೆ ವಾಪಸ್. ಅಂತರ ಬಿಟ್ಟು ಮರಳಿ ಕಲಿತದ್ದು ಹೆಚ್ಚು ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ದಾಖಲಿಸಿದ್ದರು. ಹಾಗಾಗಿ ಭಾನುವಾರ ಒಂದೇ ಬಾರಿಗೆ ಎರಡು ಗಂಟೆ ಕೂರುವುದಕ್ಕಿಂತ ವಾರದಲ್ಲಿ ನಾಲ್ಕೈದು ರಾತ್ರಿಯ ಇಪ್ಪತ್ತು ನಿಮಿಷವೇ ಮೇಲು. ಕೊನೆಯ ಐದು ನಿಮಿಷ ಇಷ್ಟವಾದುದನ್ನು ತಪ್ಪು ಹುಡುಕದೆ ನುಡಿಸಬೇಕು. ಇದನ್ನು ನಾನು ಒತ್ತಿ ಹೇಳಿದೆ, ಏಕೆಂದರೆ ಅವರು ವೀಣೆಗೆ ಮರಳಿದ್ದೇ ಆ ಸಂತೋಷಕ್ಕಾಗಿ. ಬಸ್ಸಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಮನಸ್ಸಿನಲ್ಲೇ ಸ್ವರ ಹೇಳಿಕೊಳ್ಳುವುದೂ ಅಭ್ಯಾಸವೇ.

ಎರಡನೆಯದು ಅವರಿಗೆ ಕಷ್ಟವೆನಿಸಿತು: ಸಮಯ ಎಷ್ಟು ಸಿಗುತ್ತದೆಂದು ಗುರುಗಳಿಗೆ ನಿಜ ಹೇಳುವುದು. ಯಾವ ಸಾಲು ಮೊದಲು ಎಂಬುದನ್ನು ತೀರ್ಮಾನಿಸಬೇಕಾದವರು ಅವರು, ನಾನಲ್ಲ. ಹೇಳಿದಾಗ ಗುರುಗಳು ಬೈಯಲಿಲ್ಲ, ಪುಸ್ತಕದಲ್ಲಿ ಎರಡು ಸಾಲಿಗೆ ಪೆನ್ಸಿಲ್ ಗುರುತು ಹಾಕಿ ಆ ವಾರಕ್ಕೆ ಅಷ್ಟೇ ಸಾಕು ಎಂದರಂತೆ.

ಆ ಇಳಿಕೆ ಈಗ ನಿಧಾನದ ಒಂದನೇ ಕಾಲದಲ್ಲಿ ನಿಂತಿದೆ, ಇಮ್ಮಡಿ ವೇಗದ ಎರಡನೇ ಕಾಲದಲ್ಲಿ ಇನ್ನೂ ಜಾರುತ್ತದೆ. ನಿದ್ರೆ ಸುಧಾರಿಸಿದೆ, ಪಾಠ ತಪ್ಪಿಸುತ್ತಿಲ್ಲ. ಮಾರ್ಚ್‌ನಲ್ಲಿ ಲೆಕ್ಕ ಮುಗಿಸುವ ಒತ್ತಡವಿರುವುದರಿಂದ ಆ ತಿಂಗಳು ಹೊಸ ಪಾಠ ಬೇಡ, ಬಂದದ್ದನ್ನೇ ನುಡಿಸಿಕೊಂಡಿರುವುದು ಎಂದು ಗುರುಗಳೊಂದಿಗೆ ಈಗಲೇ ಮಾತಾಡಿಕೊಂಡಿದ್ದಾರೆ.