ಮಾಳಿಗೆ ಕೆಡವುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗದ ಹಳೇ ಪೇಟೆಗಳಲ್ಲಿರುವ ಮನೆ, ಅಂಗಡಿ, ಗುಡಿಗಳ ರಿಪೇರಿ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ದಾವಣಗೆರೆ ಹಳೇ ಊರಿನಲ್ಲಿ ಅಜ್ಜನ ಕಾಲದ ಐದು ಅಂಕಣದ (ಕಂಬಗಳ ಸಾಲಿನ ನಡುವಿನ ಭಾಗ) ಮಣ್ಣಿನ ಮಾಳಿಗೆ ಮನೆ ಇದೆ; ಮರದ ಮೇಲೆ ಮಣ್ಣು ಹಾಸಿದ ಚಾವಣಿ. ಪ್ರತಿ ವರ್ಷ ಮೇಲೆ ಮಣ್ಣು ಹಾಕಿಸಿದರೂ ನಡುಮನೆ ಸೋರುವುದು ನಿಂತಿಲ್ಲ. ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸಿ ಎಂದು ಬಂಧುಗಳೆಲ್ಲ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮಾಳಿಗೆ ಸೋರುತ್ತಿರುವುದು ಮಣ್ಣು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ಇರಬೇಕು. ಒಂದು ಚದರ ಮೀಟರಿನಲ್ಲಿ 10 ಸೆಂ.ಮೀ. ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು 160ರಿಂದ 180 ಕೆ.ಜಿ. ಒಂದಡಿ ದಪ್ಪವಾದರೆ 500 ಕೆ.ಜಿ. ಮುಟ್ಟುತ್ತದೆ, ನೆನೆದರೆ ಅದಕ್ಕೂ ಮೇಲೆ. ಹಳೆಯದನ್ನು ಕೆರೆಯದೆ ವರ್ಷವರ್ಷವೂ ಹೊಸದನ್ನು ಸುರಿದರೆ ಜಂತೆ (ಮಾಳಿಗೆ ಹೊರುವ ಅಡ್ಡ ಮರ) ಬಾಗುತ್ತದೆ. ಬಾಗಿದ ಕಡೆ ಮೇಲೆ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ನೀರು ನಿಂತು ಒಳಗಿಳಿಯುತ್ತದೆ. ಸೋರಿತೆಂದು ಆ ತಗ್ಗಿಗೇ ಮತ್ತೆರಡು ಬುಟ್ಟಿ ಮಣ್ಣು ಬೀಳುತ್ತದೆ. ಇದು ಹೀಗೇ ನಡೆದರೆ ಜಂತೆ ಮುರಿಯುವವರೆಗೂ ನಿಲ್ಲುವುದಿಲ್ಲ.

ಆರ್‌ಸಿಸಿ ಭಾರ ಹೆಚ್ಚು ಎಂದು ಹೆದರಿಸುವವರಿದ್ದಾರೆ, ಅದು ಸರಿಯಲ್ಲ. 10 ಸೆಂ.ಮೀ. ಸ್ಲ್ಯಾಬ್ ಚದರ ಮೀಟರಿಗೆ 250 ಕೆ.ಜಿ. ಮಾತ್ರ. ತೊಂದರೆ ಬೇರೆ ಕಡೆ ಇದೆ. ಸ್ಲ್ಯಾಬ್ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ; ಆ ಎಳೆದಾಟಕ್ಕೆ ಮಣ್ಣಿನ ಗೋಡೆಯ ನೆತ್ತಿ ಸಡಿಲಗೊಂಡು ಸ್ಲ್ಯಾಬಿನ ಕೆಳಗೇ ಉದ್ದಕ್ಕೆ ಬಿರುಕು ಬಿಡುತ್ತದೆ. ಹಾಕುವಾಗ, ಕ್ಯೂರಿಂಗ್ ಮಾಡುವಾಗ ಇಳಿಯುವ ನೀರೆಲ್ಲ ಗೋಡೆಗೆ ಹೋಗುತ್ತದೆ. ಕಂಬ, ತೊಲೆ, ಜಂತೆಗಳ ಚೌಕಟ್ಟು ಗೋಡೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿತ್ತು, ಅದೂ ಹೋಗುತ್ತದೆ. ಇನ್ನು ಏಪ್ರಿಲ್‌ನ ಸೆಕೆಯಲ್ಲಿ ಮಾಳಿಗೆ ಕೆಳಗೆ ಮಲಗಿದವರಿಗೆ ಸ್ಲ್ಯಾಬಿನ ಕೆಳಗೆ ನಿದ್ದೆ ಹತ್ತುವುದು ಕಷ್ಟ.

ಶಿವರಾತ್ರಿ ಕಳೆದ ಮೇಲೆ ಶುರು ಮಾಡಿ, ಭರಣಿ ಮಳೆಗೆ ಮೊದಲು ಮುಗಿಸಿ. ಮಣ್ಣಿಗೆ ಕೈ ಹಚ್ಚುವ ಮುಂಚೆ ಒಳಗಿನಿಂದ ಜಂತೆಗಳಿಗೆ ಅಡ್ಡ ಪಟ್ಟಿ ಕೊಟ್ಟು ನಾಲ್ಕೈದು ಅಡಿಗೊಂದು ಊರೆ (ಆಸರೆ ಕಂಬ) ನಿಲ್ಲಿಸಬೇಕು. ಮಣ್ಣನ್ನು ಅಂಕಣದ ಎರಡೂ ಬದಿಯಿಂದ ಸಮನಾಗಿ ಕೆರೆದು ಕೂಡಲೇ ಕೆಳಗಿಳಿಸಿ. ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದರೆ ಆ ಮೂಲೆಯ ಜಂತೆ ಅಂದೇ ಕುಸಿಯಬಹುದು.

ಆಮೇಲೆ ಜಂತೆ ಪರೀಕ್ಷೆ. ಮರ ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹೋಗುವ ಕೊನೆಯ ಒಂದಡಿಯಲ್ಲಿ. ಅಲ್ಲಿ ದಬ್ಬಳ ಅಥವಾ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಂದು ಸೆಂ.ಮೀ.ಗಿಂತ ಹೆಚ್ಚು ಮೆತ್ತಗೆ ಇಳಿದರೆ ಆ ತುದಿ ಹೋಗಿದೆ ಎಂದೇ ಅರ್ಥ. ಹಾಗೆಂದು ಇಡೀ ಜಂತೆ ಬದಲಿಸಬೇಕಿಲ್ಲ. ಕೊಳೆತಷ್ಟನ್ನು ಕತ್ತರಿಸಿ, ಅಷ್ಟೇ ಎತ್ತರದ ಹೊಸ ಮರವನ್ನು ಎರಡೂ ಪಕ್ಕಕ್ಕೆ ಕೊಟ್ಟು, ಗಟ್ಟಿ ಮರದ ಮೇಲೆ ಕನಿಷ್ಠ ಎರಡಡಿ ಹಾಯುವಂತೆ 12 ಮಿ.ಮೀ. ಬೋಲ್ಟ್ ನಾಲ್ಕು ಹಾಕಿಸಿ. ಗೋಡೆಯಲ್ಲಿ ತುದಿ ಕೂರುವ ಕಡೆ ಕಲ್ಲಿನ ಚಪ್ಪಡಿ ತುಂಡು ಇಟ್ಟು, ಸುತ್ತ ಒಂದಿಂಚು ಜಾಗ ಗಾಳಿಗೆ ಬಿಡಿ. ಆ ಸಂದಿಗೆ ಸಿಮೆಂಟ್ ಮೆತ್ತುವುದೇ ಹೆಚ್ಚಿನವರು ಮಾಡುವ ತಪ್ಪು. ಉಸಿರಾಡದ ತುದಿ ಮತ್ತೆ ಕೊಳೆಯುತ್ತದೆ.

ಜಂತೆಯ ಮೇಲೆ ಹಲಗೆ, ಅದರ ಮೇಲೆ ಲಕ್ಕಿ ಇಲ್ಲವೇ ಬೇವಿನ ಸೊಪ್ಪು, ಅದರ ಮೇಲೆ ಸೋಸಿದ ಕೆಂಪು ಮಣ್ಣು ನಾಲ್ಕೈದು ಇಂಚು. ಹದವಾಗಿ ನೀರು ಚಿಮುಕಿಸಿ ದಮ್ಮಸು ಮಾಡಿಸಿ, ಅಂದರೆ ಬಡಿದು ಗಟ್ಟಿ ಮಾಡಿಸಿ. ಕೊನೆಗೆ ಎರಡಿಂಚು ಕರಲು ಮಣ್ಣು. ಕರಲಿನ ಗುಣವೇ ಬೇರೆ: ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನು ಮುಚ್ಚುತ್ತದೆ, ಹಾಗಾಗಿ ಮೇಲ್ಪದರ ನೆನೆದರೂ ನೀರು ಕೆಳಗಿಳಿಯುವುದಿಲ್ಲ. ತಟ್ಟೆಯಲ್ಲಿ ಒಂದು ಹಿಡಿ ಅದುಮಿ ನೀರು ಹಾಕಿ ನೋಡಿ. ಮೇಲ್ಭಾಗ ಲೋಳೆಯಂತಾಗಿ ನೀರು ನಿಂತರೆ ಒಳ್ಳೆಯ ಕರಲು. ಎರೆಮಣ್ಣನ್ನು ಮಾತ್ರ ಮಾಳಿಗೆಗೆ ಹತ್ತಿಸಬೇಡಿ. ಬೇಸಿಗೆಯಲ್ಲಿ ಅದು ಬೆರಳು ತೂರುವಷ್ಟು ಬಿರಿಯುತ್ತದೆ, ಮೊದಲ ಮಳೆ ನೇರ ನಡುಮನೆಗೇ ಬರುತ್ತದೆ.

ಇಳಿಜಾರು ಮೂರು ಅಡಿಗೆ ಒಂದಿಂಚು ಇರಲಿ. ದೋಣಿ (ಮಾಳಿಗೆಯ ನೀರು ಹೊರಗೆ ಬೀಳುವ ಕೊಳವೆ) ಗೋಡೆಯಿಂದ ಒಂದಡಿಯಾದರೂ ಮುಂದೆ ಚಾಚಿರಲಿ, ಇಲ್ಲದಿದ್ದರೆ ಮಾಳಿಗೆ ಉಳಿದು ಗೋಡೆ ನೆನೆಯುತ್ತದೆ. ಪ್ಲಾಸ್ಟಿಕ್ ತಾಡಪಾಲನ್ನು ಒಂದು ಮಳೆಗಾಲದ ಮಟ್ಟಿಗೆ ಮೇಲೆ ಹೊದಿಸಬಹುದು. ಮಣ್ಣಿನ ಒಳಗೆ ಶಾಶ್ವತವಾಗಿ ಹೂಳಿದರೆ ಕೆಳಗೆ ಬೆವರು ಕಟ್ಟಿ ಗೆದ್ದಲಿಗೆ ಮನೆ ಮಾಡಿಕೊಟ್ಟಂತೆ.

ವರ್ಷವರ್ಷ ಮಾಳಿಗೆ ನೋಡಿಕೊಳ್ಳಲು ಆಗದವರಿಗೆ ಇನ್ನೊಂದು ದಾರಿ ಇದೆ. ಮಣ್ಣನ್ನೆಲ್ಲ ತೆಗೆದು, ಗಟ್ಟಿ ಹಲಗೆಯ ಮೇಲೆ 7.5 ಸೆಂ.ಮೀ. ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ ಹಾಕಿಸುವುದು. ಒಂದು ಪಾಲು ಸುಣ್ಣ, ಎರಡು ಪಾಲು ಸುರ್ಕಿ (ಇಟ್ಟಿಗೆ ಪುಡಿ) ಕಲೆಸಿದ ಗಾರೆ. ಎರಡು ಪಾಲು ಜಲ್ಲಿಗೆ ಒಂದು ಪಾಲು ಆ ಗಾರೆ. ಬೆಲ್ಲದ ನೀರು ಚಿಮುಕಿಸುತ್ತ ಮರದ ಹಲಗೆಯಿಂದ ಮೂರ್ನಾಲ್ಕು ದಿನ ಬಡಿಯಬೇಕು. ಬಡಿತ ಪುಟಿದು ವಾಪಸು ಬರುವವರೆಗೆ ನಿಲ್ಲಿಸಬಾರದು. ಅರ್ಧ ದಿನಕ್ಕೆ ಮುಗಿಸುವ ಗುತ್ತಿಗೆಗೆ ಒಪ್ಪಬೇಡಿ.

ಪ್ರಶ್ನೆ: ಕಲ್ಲು-ಮಣ್ಣಿನ ಗೋಡೆಗೆ ಆರು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಮೂರಡಿ ಎತ್ತರದವರೆಗೆ ಉಬ್ಬಿ ಉದುರುತ್ತಿದೆ, ಬಿಳಿ ಉಪ್ಪು ಬರುತ್ತಿದೆ. ವಾಟರ್‌ಪ್ರೂಫ್ ಬಳಿಸಿದರೂ ಉಪಯೋಗವಾಗಲಿಲ್ಲ.

ಉತ್ತರ: ಮೊದಲು ಬೀದಿಗಿಳಿದು ರಸ್ತೆ ಎಷ್ಟು ಎತ್ತರ ಬಂದಿದೆ ನೋಡಿ. ಹಳೇ ಪೇಟೆಗಳಲ್ಲಿ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಬಿದ್ದು, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಕಟ್ಟೆಗೆ ಈಗ ಒಂದೇ ಮೆಟ್ಟಿಲು ಉಳಿದಿರುವ ಮನೆಗಳು ಎಷ್ಟೋ ಇವೆ. ರಸ್ತೆಯ ನೀರೆಲ್ಲ ಅಡಿಪಾಯಕ್ಕೇ ಹೋಗುತ್ತದೆ. ಅಲ್ಲಿಂದ ಅದು ಮಣ್ಣಿನ ಗೋಡೆಯಲ್ಲಿ ಬತ್ತಿಯ ಎಣ್ಣೆಯಂತೆ ಮೇಲೇರುತ್ತದೆ. ಮೊದಲು ಗೋಡೆ ಆ ತೇವವನ್ನು ಒಂದಡಿಯಲ್ಲೇ ಗಾಳಿಗೆ ಬಿಟ್ಟುಬಿಡುತ್ತಿತ್ತು. ಸಿಮೆಂಟ್ ಬಾಯಿ ಮುಚ್ಚಿದ ಮೇಲೆ ತೇವ ದಾರಿ ಹುಡುಕುತ್ತ ಮೂರಡಿ ಹತ್ತಿದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಪ್ಲಾಸ್ಟರನ್ನು ಒಳಗಿನಿಂದ ತಳ್ಳುತ್ತದೆ. ವಾಟರ್‌ಪ್ರೂಫ್ ಬಳಿದದ್ದು ಅದೇ ಬಾಯಿಗೆ ಎರಡನೇ ಬೀಗ.

ಹಾಗಾಗಿ ಕೆಲಸ ಹೊರಗಿನಿಂದ ಶುರುವಾಗಬೇಕು. ಗೋಡೆಯ ಬುಡಕ್ಕೆ ಒಂದಡಿ ಅಗಲದ ಕಾಲುವೆ ತೋಡಿ ಜಲ್ಲಿ ತುಂಬಿಸಿ, ಇಳಿಜಾರನ್ನು ಚರಂಡಿ ಕಡೆಗೆ ಕೊಡಿ. ಅಡಿಪಾಯದ ಕಲ್ಲಿಗಿಂತ ಆಳ ತೋಡಬಾರದು. ಆಮೇಲೆ ಸಿಮೆಂಟನ್ನು ಉಳಿ, ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಿ, ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ. ಬ್ರೇಕರ್ ಮಷೀನ್ ಹಚ್ಚಿದರೆ ಒಳಗಿನ ಮಣ್ಣು ಸಡಿಲಾಗಿ ಕಲ್ಲುಗಳೇ ಕದಲುತ್ತವೆ. ಬಿಡಿಸಿದ ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬತ್ತಲೆ ಬಿಡಿ. ನೋಡಲು ಚೆನ್ನಾಗಿರುವುದಿಲ್ಲ ಎಂದು ಅವಸರ ಮಾಡಿದವರ ಗೋಡೆ ಮತ್ತೆ ಉಪ್ಪು ಕಾರುತ್ತದೆ. ಉದುರುವ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ. ನೀರು ಹಾಕಿ ತೊಳೆದರೆ ಅದು ಒಳಗೇ ಹೋಗುತ್ತದೆ.

ಒಣಗಿದೆಯೇ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ಗಾರೆಗೆ ಸುಟ್ಟ ಸುಣ್ಣದ ಕಲ್ಲು ಸಿಕ್ಕರೆ ಉತ್ತಮ. ತೊಟ್ಟಿಯಲ್ಲಿ ನೀರು ತುಂಬಿ ಅದಕ್ಕೆ ಸುಣ್ಣ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಅರಳಿದ ಸುಣ್ಣವನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಮೇಲೆ ನೀರು ನಿಂತಿರುವಂತೆ ಮೂರು ವಾರವಾದರೂ ಇಡಿ. ಸೋಸದೆ ಬಳಸಿದರೆ ಅರಳದೆ ಉಳಿದ ಹರಳುಗಳು ಗೋಡೆಯಲ್ಲಿ ತಿಂಗಳ ಮೇಲೆ ಅರಳಿ ಪ್ಲಾಸ್ಟರಿಗೆ ಸಿಡುಬಿನಂಥ ಗುಳಿ ಬೀಳುತ್ತವೆ.

ಕಲ್ಲಿನ ಸಂದುಗಳನ್ನು ಎರಡು ಸೆಂ.ಮೀ. ಕೆರೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಸೇರಿಸಿ ತುಂಬಿಸಿ. ಅದೇ ಹದದ ಮೊದಲ ಪದರ 10ರಿಂದ 12 ಮಿ.ಮೀ., ಮೇಲ್ಪದರ ಒಂದಕ್ಕೆ ಎರಡು, ತೆಳ್ಳಗೆ. ಎರಡು ವಾರ ಒದ್ದೆ ಗೋಣಿ ತಾಟು ಕಟ್ಟಿ ತಂಪಾಗಿಡಿ. ಬೆರಳಿನಿಂದ ಉಜ್ಜಿದರೆ ಹಿಟ್ಟಿನಂತೆ ಬಂದರೆ ಬಿಸಿಲಿಗೆ ಬೇಗ ಒಣಗಿದೆ, ಅಷ್ಟನ್ನು ತೆಗೆದು ಮತ್ತೆ ಮಾಡಿಸಬೇಕು. ಬಣ್ಣ ಬೇಕಿದ್ದರೆ ಸುಣ್ಣಕ್ಕೇ ಕಾವಿ ಅಥವಾ ಹಳದಿ ಮಣ್ಣು ಬೆರೆಸಿ ನಾಲ್ಕು ತೆಳು ಕೋಟು ಹೊಡೆಸಿ. ಎಮಲ್ಷನ್ ಬೇಡ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೋಟೆ ಗೋಡೆಯ ಹತ್ತಿರವೇ ನಮ್ಮ ಹಳೆ ಮನೆ. ಹಿಂದಿನ ಗೋಡೆ ಬೀಳಿಸಿ ಹೊಸದಾಗಿ ಕಟ್ಟಿ, ಮೇಲೊಂದು ಕೋಣೆ ಹಾಕಬಹುದೇ?

ಉತ್ತರ: ಕೋಟೆ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಂದರೆ ಅನುಮತಿ ಪಡೆದೇ ಕಟ್ಟಬೇಕಾದ ಜಾಗ. ಅಳತೆ ಕಣ್ಣಿಗೆ ಕಾಣುವ ಗೋಡೆಯಿಂದಲ್ಲ, ಇಲಾಖೆ ಗುರುತಿಸಿದ ಗಡಿಯಿಂದ. 100 ಮೀಟರ್ ಒಳಗಾದರೆ ಮೇಲಿನ ಕೋಣೆಯ ಆಸೆ ಬಿಡಿ. 1992ರ ಜೂನ್ 16ಕ್ಕೆ ಮೊದಲಿನಿಂದ ಇರುವ ಮನೆಗೆ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ (ಈ ಕಾಯ್ದೆಯಡಿ ಅರ್ಜಿ ಸ್ವೀಕರಿಸುವ ಅಧಿಕಾರಿ) ಮೂಲಕ ಅನುಮತಿ ಕೇಳಬಹುದು. ಮನೆ ಅಷ್ಟು ಹಳೆಯದೆಂದು ತೋರಿಸಲು ಹಳೆ ಕಂದಾಯ ರಸೀದಿಗಳನ್ನು ಹುಡುಕಿಡಿ. ನಗರಸಭೆಯ ಪರವಾನಗಿ ಇದರ ಬದಲಿಗೆ ನಡೆಯುವುದಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಕೆಡವಿ ಕಟ್ಟುವುದನ್ನು ಕಾಯ್ದೆ ರಿಪೇರಿ ಎನ್ನುವುದಿಲ್ಲ, ಅದು ಪುನರ್ನಿರ್ಮಾಣ. ಹಿಂದಿನ ಗೋಡೆಯನ್ನು ಬೀಳಿಸಿದ ದಿನವೇ ನೀವು ಅದನ್ನು ಕಟ್ಟುವ ಹಕ್ಕು ಕಳೆದುಕೊಳ್ಳಬಹುದು. ಊರೆ ಕೊಟ್ಟು ಮೂರು ಮೂರು ಅಡಿಯಂತೆ, ಒಂದು ಬಿಟ್ಟು ಒಂದು ಭಾಗ ಸರಿಪಡಿಸಿಕೊಂಡು ಹೋಗಿ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಪೇಟೆ ಬೀದಿಯಲ್ಲಿ ಮರದ ಕಂಬ, ಹಲಗೆ ಬಾಗಿಲಿನ ನಮ್ಮ ಹಳೆ ಅಂಗಡಿಯನ್ನು ಬಟ್ಟೆ ಶೋರೂಮ್ ಮಾಡಬೇಕು. ಎದುರಿಗೆ ಪೂರ್ತಿ ಎಸಿಪಿ (ಅಲ್ಯೂಮಿನಿಯಂ ಪದರದ) ಶೀಟು, ಗಾಜು ಹಾಕಿಸಿದರೆ ತಪ್ಪೇ?

ಉತ್ತರ: ಗಾಜು ತಪ್ಪಲ್ಲ, ಜಾಗ ಮುಖ್ಯ. ಕಂಬಗಳ ಸಾಲಿನಿಂದ ಒಂದೂವರೆ ಅಡಿ ಹಿಂದೆ ಗಾಜು ನಿಲ್ಲಿಸಿದರೆ ಕಂಬಗಳ ನೆರಳು ಬೀದಿಗೆ ಉಳಿಯುತ್ತದೆ, ಬಟ್ಟೆಗೆ ಬಿಸಿಲು ಬಡಿದು ಬಣ್ಣ ಹೋಗುವುದೂ ತಪ್ಪುತ್ತದೆ. ಶಟರ್ ಪೆಟ್ಟಿಗೆಯನ್ನು ತೊಲೆಯ ಹಿಂದೆ, ಒಳಗೆ ಕೂರಿಸಿ. ಎಸಿಪಿ ಬೇಡವೆನ್ನಲು ಕಾರಣಗಳಿವೆ. ಅದರ ಹಿಂದೆ ಇಳಿದ ಮಳೆನೀರು ಕಾಣುವುದಿಲ್ಲ, ಗೋಡೆ ಕುಸಿಯುವಾಗಲೇ ಗೊತ್ತಾಗುವುದು. ಮಣ್ಣಿಟ್ಟಿಗೆಗೆ ಹೊಡೆದ ಆಂಕರ್ ಹಿಡಿಯುವುದಿಲ್ಲ. ನಡುವೆ ಪ್ಲಾಸ್ಟಿಕ್ ಇರುವ ಅಗ್ಗದ ಶೀಟು ಬೆಂಕಿ ಹತ್ತಿದರೆ ಬೀದಿಗೆಲ್ಲ ಹಬ್ಬಿಸುತ್ತದೆ.

ಅಕ್ಕಪಕ್ಕದ ಎರಡೆರಡು ಅಂಗಡಿಗಳ ಕಟ್ಟೆ, ಮಹಡಿಯ ಗೆರೆ, ಕೈಪಿಡಿ ಗೋಡೆ (ಪ್ಯಾರಪೆಟ್) ಇವುಗಳ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ನಿಮ್ಮದು ಅವುಗಳಿಗಿಂತ ಅರ್ಧ ಅಡಿಗಿಂತ ಹೆಚ್ಚು ಏರದಿರಲಿ, ಇಳಿಯದಿರಲಿ. ಮೇಲಿನ ಕಿಟಕಿಗಳು ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಎತ್ತರವಿರಲಿ. ಬೋರ್ಡು ಎರಡೂವರೆ ಅಡಿಯೊಳಗಿರಲಿ, ಮಹಡಿಯ ಕಿಟಕಿಯನ್ನು ಮುಚ್ಚದಿರಲಿ. ಕಂಬಕ್ಕೆ ಆಯಿಲ್ ಪೇಂಟ್ ಇದ್ದರೆ ಬೆಂಕಿಯಿಂದ ಸುಡದೆ ರಿಮೂವರ್ ಹಚ್ಚಿ ಕೆರೆದು, ಅಗಸೆ ಎಣ್ಣೆ ಎರಡು ಮೂರು ಸಲ ತೆಳುವಾಗಿ ಉಜ್ಜಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ ಹರವಿ ಒಣಗಿಸಿ.

ಫೈಬರಿನ ಕಮಾನು, ಸಿಮೆಂಟಿನ ಹೂಬಳ್ಳಿ ತಂದು ಹಳೆಯದರಂತೆ ಕಾಣಿಸುವ ಪ್ರಯತ್ನ ಬೇಡ. ಸುಣ್ಣ ಬಳಿದ ಸರಳ ಗೋಡೆಯೇ ಆ ಬೀದಿಗೆ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯ ಹಳೆ ಕಲ್ಲಿನ ಗುಡಿಯ ಕಂಬಗಳಿಗೆ ಯಾರೋ ಎನಾಮೆಲ್ ಬಳಿದಿದ್ದಾರೆ. ಗ್ರೈಂಡರ್ ಹಿಡಿದು ತೆಗೆಯಲು ಯುವಕರು ಸಿದ್ಧರಿದ್ದಾರೆ.

ಉತ್ತರ: ಗ್ರೈಂಡರ್ ಬೇಡವೇ ಬೇಡ, ಮರಳು ಊದುವ ಮಷೀನೂ ಬೇಡ. ಬಣ್ಣದ ಜೊತೆ ಉಳಿಯ ಗುರುತು, ಅಕ್ಷರವಿದ್ದರೆ ಅಕ್ಷರವೂ ಹೋಗುತ್ತದೆ. ಬಳಪದ ಕಲ್ಲಾದರೆ ಉಗುರಿಗೇ ಗೀರು ಬೀಳುವಷ್ಟು ಮೆತ್ತಗೆ. ಆಸಿಡ್ ಕೂಡ ಮುಟ್ಟಿಸಬೇಡಿ. ಗುಡಿ ರಾಜ್ಯದ ಇಲ್ಲವೇ ಕೇಂದ್ರದ ರಕ್ಷಿತ ಪಟ್ಟಿಯಲ್ಲಿದೆಯೇ ಎಂದು ಪುರಾತತ್ವ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಇದ್ದರೆ ನೀವು ಕೈ ಹಾಕುವಂತಿಲ್ಲ. ಇಲ್ಲದಿದ್ದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ರಿಮೂವರ್ ಪೇಸ್ಟ್ ಹಚ್ಚಿ, ಮೆತ್ತಗಾದ ಬಣ್ಣವನ್ನು ಬಿದಿರಿನ ಚಕ್ಕೆಯಿಂದ ಎತ್ತಿ, ನೈಲಾನ್ ಬ್ರಷ್ ಮತ್ತು ನೀರಿನಿಂದ ತೊಳೆದು ಒಂದು ವಾರ ಕಾಯಿರಿ. ಕಲ್ಲು ಬಣ್ಣಗೆಡದಿದ್ದರೆ ಒಂದೊಂದೇ ಕಂಬವಾಗಿ ಮುಂದುವರಿಯಿರಿ. ಕೆಲಸಕ್ಕೆ ಮೊದಲು ಪ್ರತಿ ಕಂಬದ ನಾಲ್ಕೂ ಮುಖದ ಫೋಟೋ ತೆಗೆದಿಡಿ.