ಪ್ರತಿಕ್ರಿಯೆ: ಗಂಗೂಬಾಯಿಯವರ ದನಿಯಲ್ಲಿ ದಾಸರ ಪದ

ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿ ಅಭ್ಯಾಸವಾದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಗಂಗೂಬಾಯಿ ಹಾನಗಲ್ಲರ ದನಿಯಲ್ಲಿ ಊಹಿಸಿಕೊಂಡರೆ ಹೇಗಿರುತ್ತದೆ ಎಂದು ಕೇಳಿದ್ದೀರಿ, ಇಬ್ಬರೂ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಶಿಷ್ಯರಾದ್ದರಿಂದ ಹೆಚ್ಚಿನ ವ್ಯತ್ಯಾಸವಿರಲಾರದು ಎಂಬ ನಿಮ್ಮ ಅನಿಸಿಕೆಯನ್ನು ನಾನು ಒಪ್ಪಲಾರೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ಧ್ವನಿ ಗಂಡುದನಿಯೆನ್ನುವಷ್ಟು ಗಡುಸಾಗಿತ್ತು, ಮೇಲಾಗಿ ಅವರು ಒಂದೊಂದು ಸ್ವರವನ್ನೂ ಆತುರವಿಲ್ಲದೆ ಬೆಳೆಸುತ್ತಿದ್ದರು. ಜೋಶಿಯವರಲ್ಲಿ ಸಂಭ್ರಮದ ಕರೆಯಾಗಿರುವ ಪಲ್ಲವಿ, ಗಂಗೂಬಾಯಿಯವರಲ್ಲಿ ಮನೆಯ ಹಿರಿಯಳೊಬ್ಬಳು ಹಕ್ಕಿನಿಂದ ಮಗಳನ್ನು ಒಳಕರೆದಂತೆ ಕೇಳಿಸೀತು, ಹೆಜ್ಜೆಯ ಮೇಲೆ ಹೆಜ್ಜೆಯಿಕ್ಕುವ ಸಾಲಂತೂ ಖಂಡಿತವಾಗಿ ನಿಧಾನವಾದೀತು. ಊಹೆ ಸ್ಪಷ್ಟವಾಗಬೇಕಾದರೆ ಮೊದಲು ಗಂಗೂಬಾಯಿಯವರ ವಿಳಂಬಿತ ಖಯಾಲೊಂದನ್ನು (ನಿಧಾನ ಲಯದಲ್ಲಿ ರಾಗವನ್ನು ಬೆಳೆಸುವ ಹಿಂದೂಸ್ತಾನಿ ಗಾಯನ) ಪೂರ್ತಿ ಕೇಳಿ, ಆಮೇಲೆ ಶ್ರುತಿಯನ್ನು ತಗ್ಗಿಸಿ ಪಲ್ಲವಿಯನ್ನಷ್ಟೇ ಗುನುಗಿ ನೋಡಿರಿ.